ಎಚ್‌ಡಿಎಂಐ ಮಾತ್ರವಿರುವ ಟಿವಿಗೆ ಪ್ಲೇಸ್ಟೇಷನ್ 2 ಜೋಡಿಸುವುದು ಹೇಗೆ?

2000ದಲ್ಲಿ ಬಂದ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 2 ಚಿತ್ರವನ್ನು ಅನಲಾಗ್ ರೂಪದಲ್ಲಷ್ಟೇ ಕೊಡುವುದರಿಂದ ಅದನ್ನು ಎಚ್‌ಡಿಎಂಐಯ ಡಿಜಿಟಲ್ ರೂಪಕ್ಕೆ ಬದಲಿಸುವ ಒಂದು ಪರಿವರ್ತಕ ನಡುವೆ ಬೇಕೇ ಬೇಕು. ಹಳದಿ, ಬಿಳಿ, ಕೆಂಪು ಪಿನ್ನುಗಳ ಮಾಮೂಲಿ ಕೇಬಲ್‌ನಲ್ಲಿ ಹೊಳಪು ಮತ್ತು ಬಣ್ಣದ ಸಂಕೇತಗಳು ಒಂದೇ ತಂತಿಯಲ್ಲಿ ಬೆರೆತು ಹರಿಯುವ ಕಾರಣ ಚಿತ್ರದ ಅಂಚುಗಳು ಮಸುಕಾಗುತ್ತವೆ. ಅವುಗಳನ್ನು ಮೂರು ತಂತಿಗಳಲ್ಲಿ ಬೇರೆಬೇರೆಯಾಗಿ ಒಯ್ಯುವ ಕಾಂಪೊನೆಂಟ್ ಕೇಬಲನ್ನೂ ಅದಕ್ಕೆ ಹೊಂದುವ ಪರಿವರ್ತಕವನ್ನೂ ಕೊಳ್ಳುವುದೇ ನನ್ನ ದೃಷ್ಟಿಯಲ್ಲಿ ಸರಿಯಾದ ಆಯ್ಕೆ. ಕನ್ಸೋಲಿನ ಸಿಸ್ಟಂ ಸೆಟ್ಟಿಂಗ್‌ನಲ್ಲಿ ಕಾಂಪೊನೆಂಟ್ ಔಟ್‌ಪುಟ್ ಆರ್‌ಜಿಬಿಯಲ್ಲಿದ್ದರೆ (ಕೆಂಪು, ಹಸಿರು, ನೀಲಿಯಾಗಿ ಕಳಿಸುವ ರೂಪ) ಬಣ್ಣಗಳು ಕೆಟ್ಟು ಕಾಣುತ್ತವೆ, ಆದ್ದರಿಂದ ಅಲ್ಲಿ ಹೊಳಪು ಮತ್ತು ಬಣ್ಣಗಳನ್ನು ಬೇರೆಬೇರೆಯಾಗಿ ಕಳಿಸುವ ವೈ-ಸಿಬಿ-ಸಿಆರ್ ಆಯ್ಕೆಯನ್ನು ಆರಿಸಿರಿ. ಇದರ ಹೆಚ್ಚಿನ ಆಟಗಳು 480ಐ ರೂಪದಲ್ಲಿ, ಎಂದರೆ ಒಮ್ಮೆಗೆ ಸಾಲು ಬಿಟ್ಟು ಸಾಲಿನಂತೆ ಚಿತ್ರವನ್ನು ಕಳಿಸುತ್ತವೆ. ಆ ಸಾಲುಗಳನ್ನು ಕೂಡಿಸಲು ಟಿವಿ ತೆಗೆದುಕೊಳ್ಳುವ ಸಮಯದಿಂದ ಗುಂಡಿ ಒತ್ತಿದ್ದಕ್ಕೆ ಪರದೆಯ ಪ್ರತಿಕ್ರಿಯೆ ತಡವಾಗುತ್ತದೆಯಾದ್ದರಿಂದ ಟಿವಿಯಲ್ಲಿ ಈ ವಿಳಂಬವನ್ನು ತಗ್ಗಿಸುವ ಗೇಮ್ ಮೋಡನ್ನು ತಪ್ಪದೆ ಆನ್ ಮಾಡಿರಿ.