ವೆಸ್ಟ್ ಇಂಡೀಸ್ ಕುಸಿದದ್ದೇಕೆ?

ಪ್ರಶ್ನೆ: ನಾಯಕ ಕ್ಲೈವ್ ಲಾಯ್ಡ್ ಅವರ ಕಾಲದಿಂದಲೂ ನಾನು ವೆಸ್ಟ್ ಇಂಡೀಸ್ ಕ್ರಿಕೆಟ್ ತಂಡದ ಅಭಿಮಾನಿ. 2025ರ ಜುಲೈನಲ್ಲಿ ಕಿಂಗ್‌ಸ್ಟನ್‌ನಲ್ಲಿ ಆಸ್ಟ್ರೇಲಿಯಾದ ಎದುರು ತಂಡ 27 ರನ್‌ಗಳಿಗೆ ಆಲೌಟ್ ಆದಾಗ ಬಹಳ ಸಂಕಟವಾಯಿತು. ಈ ಅವನತಿಗೆ ಕಾರಣವೇನು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಸಂಕಟ ನನ್ನದೂ ಹೌದು. 1974ರಲ್ಲಿ ನಮ್ಮ ಬೆಂಗಳೂರಿನಲ್ಲೇ ವಿವಿಯನ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ಟೆಸ್ಟ್ ಜೀವನ ಆರಂಭಿಸಿದರು. ಮುಂದೆ ಅದೇ ತಂಡ 1975 ಮತ್ತು 1979ರ ವಿಶ್ವಕಪ್‌ಗಳನ್ನು ಗೆದ್ದು, 1980ರ ನಂತರ 1995ರವರೆಗೆ ಒಂದೇ ಒಂದು ಟೆಸ್ಟ್ ಸರಣಿಯನ್ನೂ ಸೋಲಲಿಲ್ಲ.

ಪ್ರತಿಭೆ ಬತ್ತಿದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2012 ಮತ್ತು 2016ರಲ್ಲಿ ಟಿ20 ವಿಶ್ವಕಪ್ ಗೆದ್ದವರೂ ಇವರೇ. ಮೂಲ ತೊಡಕು ಹಣದ್ದು. ಹಲವು ಸಣ್ಣ ದೇಶಗಳು ಸೇರಿ ಕಟ್ಟಿದ ಈ ತಂಡಕ್ಕೆ ದೊಡ್ಡ ಮಾರುಕಟ್ಟೆಯಿಲ್ಲ. ದ್ವೀಪದಿಂದ ದ್ವೀಪಕ್ಕೆ ಆಟಗಾರರನ್ನು ವಿಮಾನದಲ್ಲೇ ಕರೆದೊಯ್ಯಬೇಕು. ವಿದೇಶ ಪ್ರವಾಸದ ಪ್ರಸಾರ ಹಕ್ಕಿನ ಆದಾಯವೆಲ್ಲ ಸಾಮಾನ್ಯವಾಗಿ ಆತಿಥೇಯ ಮಂಡಳಿಗೇ ಸೇರುತ್ತದೆ. ಹೀಗಿರುವಾಗ ಹೆಚ್ಚು ಸಂಭಾವನೆ ಕೊಡುವ ಲೀಗ್‌ಗಳತ್ತ ಆಟಗಾರರು ಹೊರಟರೆ ಅವರನ್ನು ದೂರುವುದು ನ್ಯಾಯವಲ್ಲ. ನಿಕೋಲಸ್ ಪೂರನ್ 29ನೆಯ ವಯಸ್ಸಿಗೇ ಅಂತರರಾಷ್ಟ್ರೀಯ ಕ್ರಿಕೆಟ್ ತೊರೆದರು. 2023ರ ಏಕದಿನ ವಿಶ್ವಕಪ್‌ಗಂತೂ ತಂಡಕ್ಕೆ ಅರ್ಹತೆಯೇ ಸಿಗಲಿಲ್ಲ.

ಆದರೂ 2024ರ ಜನವರಿಯಲ್ಲಿ ಬ್ರಿಸ್ಬೇನ್‌ನಲ್ಲಿ, ಹಿಂದೆ ಕಾವಲುಗಾರನಾಗಿ ದುಡಿದಿದ್ದ ಗಯಾನಾದ ಶಮಾರ್ ಜೋಸೆಫ್, ಗಾಯಗೊಂಡ ಕಾಲ್ಬೆರಳಿನ ನೋವಿನಲ್ಲೇ 7 ವಿಕೆಟ್ ಕಿತ್ತು ಆಸ್ಟ್ರೇಲಿಯಾವನ್ನು 8 ರನ್‌ಗಳಿಂದ ಸೋಲಿಸಿದರು. ಇಂಥ ಬೌಲರ್‌ಗಳು ಟೆಸ್ಟ್‌ನಲ್ಲೇ ಉಳಿಯಬೇಕಾದರೆ ಪ್ರಸಾರದ ಆದಾಯದಲ್ಲಿ ಪ್ರವಾಸಿ ತಂಡಕ್ಕೂ ಪಾಲು ಸಿಗಬೇಕು. ಅದಕ್ಕೆ ಭಾರತ, ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾ ಮಂಡಳಿಗಳು ಮೊದಲು ಮನಸ್ಸು ಮಾಡಬೇಕು.