ಒಂದು ಅಂಗಡಿಯಲ್ಲಿ ಇಲ್ಲ, ಪಕ್ಕದ ಅಂಗಡಿಯಲ್ಲಿ ಉಂಟು!

ಪತ್ರ: ಭಾನುವಾರ ಮಗನಿಗೆ ಜ್ವರ, ಗಂಟಲು ನೋವು. ಹೋದ ಸಲ ಡಾಕ್ಟರು ಬರೆದಿದ್ದ ಸೆಫಿಕ್ಸಿಮ್ ಕೇಳಿದೆ. ಚೀಟಿ ಇಲ್ಲದೆ ಕೊಡಲ್ಲ ಅಂದರು. ಪಕ್ಕದ ಅಂಗಡಿಯವರು ಅಜಿಥ್ರೋಮೈಸಿನ್ ಕೊಟ್ಟು ಕಳಿಸಿದರು. ಅಂಗಡಿಗೊಂದು ಕಾನೂನೇ? ಹಳ್ಳಿಯವರು ಭಾನುವಾರ ಡಾಕ್ಟರನ್ನು ಎಲ್ಲಿ ಹುಡುಕೋಣ?
– ಹಾಸನ ಜಿಲ್ಲೆಯ ಓದುಗರು

ಸಂಪಾದಕರ ಉತ್ತರ: ಎರಡೂ ಆಂಟಿಬಯಾಟಿಕ್, ಅಂದರೆ ಬ್ಯಾಕ್ಟೀರಿಯಾ ಸೋಂಕಿನ ಔಷಧಿ. ಎರಡಕ್ಕೂ ಚೀಟಿ ಬೇಕೇ ಬೇಕು. ವ್ಯತ್ಯಾಸ ಇರುವುದು ಲೆಕ್ಕದ ಪುಸ್ತಕದಲ್ಲಿ. ಸೆಫಿಕ್ಸಿಮ್ ‘ಶೆಡ್ಯೂಲ್ ಎಚ್1’ ಪಟ್ಟಿಯದು. ಅದನ್ನು ಮಾರಿದರೆ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟದ್ದು ಎಲ್ಲವನ್ನೂ ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಟ್ಟಿರಬೇಕು. 2014ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಆ ಪಟ್ಟಿಯಲ್ಲಿ ಅಜಿಥ್ರೋಮೈಸಿನ್ ಇರಲಿಲ್ಲ. ಅದು ಹಳೇ ‘ಶೆಡ್ಯೂಲ್ ಎಚ್’ನದು. ಹಾಗಾಗಿ ಅಂಗಡಿಯವರಿಗೆ ಭಯ ಕಡಿಮೆ. ತಮಾಷೆ ನೋಡಿ, ವಿಶ್ವ ಆರೋಗ್ಯ ಸಂಸ್ಥೆ ಎರಡನ್ನೂ ಒಂದೇ ‘ವಾಚ್’ ಗುಂಪಿನಲ್ಲಿ, ಅಂದರೆ ಹುಷಾರಾಗಿ ಬಳಸಬೇಕಾದವುಗಳ ಜೊತೆ ಇಟ್ಟಿದೆ.

ಈ ಎಡವಟ್ಟು ಸುಮ್ನೆ ಆದದ್ದಲ್ಲ. ಬೇಕಾಬಿಟ್ಟಿ ಬಳಸಿ ಆಂಟಿಬಯಾಟಿಕ್‌ಗೆ ರೋಗಾಣು ಜಗ್ಗದಂತಾಗುವುದನ್ನು ತಡೆಯಲೆಂದು ಬಂದ 2011ರ ರಾಷ್ಟ್ರೀಯ ನೀತಿ ಚೀಟಿಯಿಲ್ಲದ ಮಾರಾಟವನ್ನು ಬಿಗಿಯಾಗಿ ತಡೆಯಲು ಹೊರಟಿತ್ತು. ಆಗ ಎದ್ದದ್ದು ನಿಮ್ಮದೇ ಪ್ರಶ್ನೆ: ಹಳ್ಳಿಯಲ್ಲಿ ಡಾಕ್ಟರು ಎಲ್ಲಿ? ನೀತಿ ಅಲ್ಲೇ ನಿಂತಿತು. 2012ರಲ್ಲಿ ವೈದ್ಯರ ಸಂಘಗಳು ಸೇರಿ ಹೊರಡಿಸಿದ ‘ಚೆನ್ನೈ ಘೋಷಣೆ’ ನಡುದಾರಿ ಹೇಳಿತು: ಎಲ್ಲವನ್ನೂ ತಡೆಯಲು ಆಗದಿದ್ದರೆ ಕೆಲವನ್ನಾದರೂ ತಡೆಯಿರಿ. ಆಮೇಲೆ ಬಂದ ಎಚ್1 ಪಟ್ಟಿಯ 46 ಔಷಧಿಗಳಲ್ಲಿ ಆಂಟಿಬಯಾಟಿಕ್ 24 ಮಾತ್ರ. ಪಟ್ಟಿಗೆ ಸೇರದ ಆಂಟಿಬಯಾಟಿಕ್‌ಗಳು ಪಕ್ಕದ ಅಂಗಡಿಯ ಪಾಲಾದವು.

ಪಕ್ಕದ ಕೇರಳ 2018ರಲ್ಲೇ ಇದಕ್ಕೆಂದು ತನ್ನದೇ ಕ್ರಿಯಾ ಯೋಜನೆ ಮಾಡಿತು. 2024ರಲ್ಲಿ ‘ಆಪರೇಷನ್ ಅಮೃತ್’ ಹೆಸರಲ್ಲಿ ಮೆಡಿಕಲ್ ಶಾಪುಗಳ ಮೇಲೆ ದಿಢೀರ್ ತಪಾಸಣೆ ನಡೆಸಿತು. ಒಳ್ಳೆಯದೇ. ಆದರೆ ಅಂಗಡಿಯವರನ್ನಷ್ಟೇ ಹಿಡಿದರೆ ಸಾಲದು, ಬರೆಯುವ ಕೈಗೂ ಲೆಕ್ಕ ಇರಬೇಕು ಅಲ್ವಾ? ಆಂಟಿಬಯಾಟಿಕ್ ಯಾಕೆ ಕೊಟ್ಟಿರಿ ಅನ್ನುವುದನ್ನು ಚೀಟಿಯಲ್ಲೇ ಬರೆಯಿರಿ ಎಂದು 2024ರ ಜನವರಿಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ಮೆಡಿಕಲ್ ಕಾಲೇಜಿನ ಡಾಕ್ಟರುಗಳನ್ನು ಕೋರಿದರು. ಕೋರಿಕೆ ಸಾಲದು. ಸಣ್ಣ ಕ್ಲಿನಿಕ್ಕಿಗೂ ಇದು ಕಡ್ಡಾಯವಾಗಬೇಕು. ಭಾನುವಾರ ತಾಲ್ಲೂಕಿನಲ್ಲಿ ಡಾಕ್ಟರು ಸಿಗುವ ಏರ್ಪಾಡೂ ಅದೇ ನೀತಿಯ ಭಾಗವಾಗಬೇಕು. ಇಲ್ಲದಿದ್ದರೆ ಕಾನೂನಿನ ಭಾರವೆಲ್ಲ ನಿಮ್ಮಂಥವರ ತಲೆ ಮೇಲೆ.

ಇನ್ನು ಮಗನ ವಿಷಯ. ಗಂಟಲು ನೋವು ಜಾಸ್ತಿ ಸಲ ವೈರಸ್‌ನಿಂದ ಬರುತ್ತದೆ. ಅದಕ್ಕೆ ಈ ಮಾತ್ರೆ ಯಾವುದೂ ನಾಟುವುದಿಲ್ಲ. ಉಸಿರಾಡಲು, ನುಂಗಲು ಕಷ್ಟವಾದರೆ ಕಾಯಬೇಡಿ, ಜಿಲ್ಲಾಸ್ಪತ್ರೆಗೆ ಹೊರಡಿ. ಉಳಿದ ಅಜಿಥ್ರೋಮೈಸಿನ್ ಮುಂದಿನ ಜ್ವರಕ್ಕೆಂದು ಎತ್ತಿಡಬೇಡಿ. ಸ್ಟ್ರಿಪ್ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.