ಭತ್ತದ ಪಾಠದಲ್ಲಿ ವ್ಯಾಕರಣ ಎಲ್ಲಿದೆ?

ಧಾರವಾಡದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರ ಪತ್ರ: "ಇಂಡೋನೇಷ್ಯನ್, ಕಾಂಬೋಡಿಯಾದ ಖ್ಮೇರ್‌ನಂಥ ಭಾಷೆಗಳನ್ನು ಅಮೆರಿಕದ ಹುಡುಗರಿಗೆ ಬೇಸಾಯ, ನದಿ, ಹಬ್ಬಗಳ ಮೂಲಕ ಕಲಿಸಲು ಶಿಕ್ಷಕರಿಗೆ ತರಬೇತಿ ಬೇಕು ಎಂದು ಬರೆದಿದ್ದೀರಿ. ಭಾಷೆ ಮೇಷ್ಟ್ರು ಗದ್ದೆಯ ಪಾಠ ಮಾಡುತ್ತ ಕೂತರೆ ವ್ಯಾಕರಣ ಕಲಿಸುವುದು ಯಾವಾಗ? ಆ ಭಾಷೆಯಲ್ಲೇ ಹುಟ್ಟಿ ಬೆಳೆದವರಿಗೆ ತರಬೇತಿ ಯಾಕೆ?"

ಸಂಪಾದಕರ ಉತ್ತರ: ಮೇಷ್ಟ್ರೇ, ಗದ್ದೆಯಿಂದಲೇ ಶುರು ಮಾಡೋಣ. ಇಂಡೋನೇಷ್ಯನ್ ಭಾಷೆಯಲ್ಲಿ ಗದ್ದೆಯಲ್ಲಿ ನಿಂತ ಪೈರು ಪಾಡಿ, ಬಡಿದು ತೆಗೆದ ಕಾಳು ಗಾಬಾ, ಹೊಟ್ಟು ಹೋದ ಮೇಲೆ ಬೆರಾಸ್, ಬೆಂದರೆ ನಾಸಿ. ಭತ್ತ, ಅಕ್ಕಿ, ಅನ್ನ ಎನ್ನುವ ನಮಗೆ ಇದೇನು ಹೊಸದಲ್ಲ. ಎಲ್ಲಕ್ಕೂ 'ರೈಸ್' ಎನ್ನುವ ಅಮೆರಿಕದ ಹುಡುಗ ಮಾತ್ರ ತಡವರಿಸುತ್ತಾನೆ. ಪದಗಳನ್ನು ಸುಮ್ನೆ ಬಾಯಿಪಾಠ ಮಾಡಿಸುವ ಬದಲು ಗದ್ದೆಯಿಂದ ತಟ್ಟೆಯವರೆಗಿನ ಕತೆಯನ್ನು ಅವನಿಂದಲೇ ಹೇಳಿಸಿ. ಪಾಡಿ 'ಡಿತಾನಮ್' (ನೆಡಲಾಗುತ್ತದೆ), ಗಾಬಾ 'ಡಿಗಿಲಿಂಗ್' (ಗಿರಣಿಗೆ ಹಾಕಲಾಗುತ್ತದೆ), ಬೆರಾಸ್ 'ಡಿಮಾಸಕ್' (ಬೇಯಿಸಲಾಗುತ್ತದೆ). ನೆಟ್ಟವರು ಯಾರು, ಬೇಯಿಸಿದವರು ಯಾರು ಎನ್ನುವುದು ಇಲ್ಲಿ ಬೇಕಿಲ್ಲ. ಅದಕ್ಕೇ ಪ್ರತಿ ಕ್ರಿಯಾಪದದ ಮುಂದೂ 'ಡಿ' ಬಂದು ಕೂತಿದೆ. ಅದು ಕರ್ಮಣಿ ಪ್ರಯೋಗ. ನಮ್ಮಲ್ಲಿ 'ನೆಡಲಾಗುತ್ತದೆ' ಎಂದರೆ ಸರ್ಕಾರಿ ಸುತ್ತೋಲೆಯ ವಾಸನೆ ಬರುತ್ತದೆ, ಅಲ್ವಾ? ಅಲ್ಲಿ ಅದು ಮನೆಮಾತು.

ಅಂದರೆ ವ್ಯಾಕರಣ ಎಲ್ಲೂ ಹೋಗಿಲ್ಲ. ಆದರೆ ಜಕಾರ್ತದಲ್ಲಿ ಹುಟ್ಟಿದವರಿಗೆ ಆ 'ಡಿ' ಕಣ್ಣಿಗೇ ಬೀಳುವುದಿಲ್ಲ. 'ಮನೆಗೆ' ಎನ್ನುವ ನಾವು 'ಮರಕ್ಕೆ' ಯಾಕೆ ಎನ್ನುತ್ತೇವೆ ಎಂದು ಹೊರಗಿನವರು ಕೇಳುವವರೆಗೆ ನಾವೂ ಯೋಚಿಸಿರುವುದಿಲ್ಲ. ತರಬೇತಿ ಬೇಕಾಗಿರುವುದು ಇಲ್ಲಿ. ತನ್ನ ಭಾಷೆಯ ಒಂದು ಪುಟವನ್ನು ಪರಕೀಯನಂತೆ ಓದಬೇಕು. ಪದೇ ಪದೇ ಬರುವ ರೂಪಕ್ಕೆ ಗೆರೆ ಎಳೆಯಬೇಕು. ಪಾಠ ಮುಗಿದಾಗ ಹುಡುಗ ಏನು ತಿಳಿದಿರಬೇಕು, ಏನು ಹೇಳಬಲ್ಲವನಾಗಿರಬೇಕು ಎಂದು ಎರಡನ್ನೂ ಬರೆದಿಟ್ಟುಕೊಳ್ಳಬೇಕು.

ಖ್ಮೇರ್ ಕಲಿಸುವವರಿಗೆ ಕಾಂಬೋಡಿಯಾದ ತೋನ್ಲೆ ಸಾಪ್ ನದಿ ಇದೆ. ಮಳೆಗಾಲದಲ್ಲಿ ಮೆಕಾಂಗ್ ನದಿ ಉಕ್ಕಿದಾಗ ತೋನ್ಲೆ ಸಾಪ್ ಹಿಂದಕ್ಕೆ ಹರಿದು ಸರೋವರ ತುಂಬಿಸುತ್ತದೆ. ಮಳೆ ನಿಂತ ಮೇಲೆ ಮತ್ತೆ ಮುಂದಕ್ಕೆ. 'ಯಾಕೆಂದರೆ', 'ಆಮೇಲೆ', 'ಅದರಿಂದ' ಎನ್ನದೆ ಇದನ್ನು ಹೇಳಿ ನೋಡೋಣ!

ನಿಮ್ಮ ಆತಂಕ ಪೂರ್ತಿ ಸುಳ್ಳಲ್ಲ. ಬಾಲಿಯ ಸುಬಕ್ ಎಂಬ ನೀರು ಹಂಚುವ ಪದ್ಧತಿಯನ್ನು 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಾಠಕ್ಕೆ ಒಳ್ಳೆಯ ವಸ್ತು. ಆದರೆ ದೇವಸ್ಥಾನ, ಕಾಲುವೆ, ಪೂಜೆ ಎಂದು ಹುರುಪಿನಲ್ಲಿ ಮೇಷ್ಟ್ರು ಇಂಗ್ಲಿಷಿಗೆ ಜಾರಿದರೆ ಮುಗಿಯಿತು, ಅದು ಭಾಷೆಯ ತರಗತಿಯಲ್ಲ. ಅಮೆರಿಕದ ಮ್ಯಾಡಿಸನ್‌ನಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ನಡೆಸುವ ಆಗ್ನೇಯ ಏಷ್ಯಾ ಭಾಷೆಗಳ ಬೇಸಿಗೆ ಕೋರ್ಸಿನಲ್ಲಿ ಒಂದು ವರ್ಷದ ಪಾಠ 8 ವಾರಗಳಲ್ಲಿ ಮುಗಿಯಬೇಕು. ಹಾಗೆ ಜಾರುತ್ತ ಕೂರಲು ಅಲ್ಲಿ ಪುರುಸೊತ್ತೆಲ್ಲಿ?

ನನಗೆ ಜಾಸ್ತಿ ತಲೆನೋವು ಅಂಕದ್ದು. ಭತ್ತದ ಕತೆ ಪೂರ್ತಿ ಸರಿ, 'ಡಿ' ಮಾತ್ರ ಒಂದೂ ಇಲ್ಲ. ಎಷ್ಟು ಕೊಡುವುದು? ಎರಡಕ್ಕೂ ಬೇರೆ ಬೇರೆ ಅಂಕ ಇಟ್ಟು, ಅದನ್ನು ಮೊದಲೇ ಹೇಳಿಬಿಡುವುದು ಸರಿ ಎನ್ನಿಸುತ್ತದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಬರೆಯಿರಿ.